ಶಟರ್ ಎತ್ತಿದ ಮೇಲೆ ಬೆಂಕಿ ಜಾಸ್ತಿಯಾಯಿತು, ಯಾಕೆ?

ಹೊಸ ಫೈರ್‌ಮನ್:
ಎಲ್ಲರಿಗೂ ನಮಸ್ಕಾರ. ನಾನು ಸೇವೆಗೆ ಸೇರಿ ಎಂಟು ತಿಂಗಳಾಯಿತು. ಹೋದ ವಾರದ ಒಂದು ಕರೆ ಮನಸ್ಸಿನಿಂದ ಹೋಗುತ್ತಿಲ್ಲ.

ಹಾಸಿಗೆ, ಸೋಫಾ ಮಾರುವ ಅಂಗಡಿ. ಬೆಳಗಿನ ಜಾವ ನಾಲ್ಕು ಗಂಟೆ. ನಾವು ಹೋದಾಗ ಬೆಂಕಿಯೇ ಕಾಣಿಸಲಿಲ್ಲ. ಶಟರ್ ಸಂದಿಯಿಂದ ಹೊಗೆ ಬರುತ್ತಿತ್ತು, ಅಷ್ಟೇ. ಇನ್ನೇನು ಆರುತ್ತಾ ಬಂದಿದೆ ಅಂದುಕೊಂಡೆ. ಬೀಗ ಕತ್ತರಿಸಿ ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿದೆವು. ಹೋಸ್ ಇನ್ನೂ ಬಿಚ್ಚುತ್ತಿದ್ದರು. ಮೇಲ್ಗಡೆಯಿಂದ ದಟ್ಟ ಹೊಗೆ ನುಗ್ಗಿತು. ಕೆಳಗಡೆ, ಮೆಟ್ಟಿಲ ಮೇಲೆ ಬಿದ್ದಿದ್ದ ಖಾಲಿ ಹಾಲಿನ ಪ್ಯಾಕೆಟ್ ತಾನಾಗಿ ಜಾರಿಕೊಂಡು ಒಳಗೆ ಹೋಯಿತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ನಮ್ಮ ಲೀಡಿಂಗ್ ಫೈರ್‌ಮನ್ ನನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಸ್ವಲ್ಪ ಹೊತ್ತಿಗೇ ಬೆಂಕಿ ರಸ್ತೆಗೆ ನಾಲಿಗೆ ಚಾಚಿತು.

ಇದು ಫ್ಲಾಶ್‌ಓವರಾ, ಬ್ಯಾಕ್‌ಡ್ರಾಫ್ಟಾ? ನಾನು ಏನನ್ನು ಗಮನಿಸಬೇಕಿತ್ತು?

ನಿವೃತ್ತ ಲೀಡಿಂಗ್ ಫೈರ್‌ಮನ್:
ತಮ್ಮಾ, ಮೊದಲು ನಿನ್ನನ್ನು ಎಳೆದವರಿಗೆ ನನ್ನದೊಂದು ನಮಸ್ಕಾರ ಹೇಳು.

ಗಮನಿಸಬೇಕಾದ್ದನ್ನೇ ನೀನು ಗಮನಿಸಿದ್ದೀಯ. ಆ ಹಾಲಿನ ಪ್ಯಾಕೆಟ್. ಒಳಗಿನ ಬೆಂಕಿ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು.

ಸೌದೆ ಒಲೆ ನೋಡಿದ್ದೀಯಾ? ಹಸಿ ಸೌದೆ ಇಟ್ಟರೆ ಉರಿ ಇಲ್ಲದೆ ಹೊಗೆ ಸುತ್ತುತ್ತದೆ. ಅಮ್ಮ ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಹತ್ತಿರದಿಂದ ನೋಡು, ಹತ್ತಿಕೊಳ್ಳುವುದು ಸೌದೆಯ ಮೇಲೆ ಆಡುತ್ತಿರುವ ಹೊಗೆ. ನಮ್ಮ ಕೆಲಸದಲ್ಲಿ ಇದೊಂದು ಗೊತ್ತಿದ್ದರೆ ಜೀವ ಉಳಿಯುತ್ತದೆ: ಹೊಗೆಯೂ ಉರುವಲೇ.

ಗಾಳಿಯಲ್ಲಿ ಆಮ್ಲಜನಕ 21% ಇರುತ್ತದೆ. ಮುಚ್ಚಿದ ಅಂಗಡಿಯಲ್ಲಿ ಅದು ಸುಮಾರು 15ಕ್ಕೆ ಇಳಿದರೆ ಉರಿ ಸೊರಗುತ್ತದೆ. ಆದರೆ ಶಾಖ ಒಳಗೇ ಇದೆ. ಹಾಸಿಗೆ, ಸೋಫಾದೊಳಗಿನ ಫೋಮ್ ಬಿಸಿಗೆ ಅನಿಲ ಬಿಡುತ್ತಲೇ ಇರುತ್ತದೆ. ಆರಿದ ಹಾಗೆ ಕಾಣುವ ಆ ಹೊತ್ತೇ ತುಂಬಾ ಅಪಾಯದ್ದು.

ಸೂರಿನ ಕೆಳಗಿನ ಹೊಗೆ 500-600 ಡಿಗ್ರಿಗೆ ಬಂದರೆ ಅದರ ಕಾವು ಕೆಳಗಿರುವ ಎಲ್ಲಕ್ಕೂ ಬಡಿಯುತ್ತದೆ. ಮೇಜು, ಚಾಪೆ, ಹಾಸಿಗೆ ಎಲ್ಲಾ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಅದು ಫ್ಲಾಶ್‌ಓವರ್. ಹೊರಗಿನ ಗಾಳಿ ಒಳಗಿನ ಅನಿಲದ ಜೊತೆ ಬೆರೆತು, ಕಿಡಿ ತಗುಲಿ, ಸ್ಫೋಟದ ಹಾಗೆ ಹೊರಗೆ ನೂಕಿದರೆ ಬ್ಯಾಕ್‌ಡ್ರಾಫ್ಟ್. ಧಡ್ ಅಂತ ಸದ್ದು ಕೇಳಿಸಿತಾ? ಗಾಳಿ ನಿಮ್ಮನ್ನು ತಳ್ಳಿತಾ? ಇಲ್ಲ ಅಂದರೆ ನೀವು ನೋಡಿದ್ದು ಗಾಳಿ ಸಿಕ್ಕಿ ಆದ ಫ್ಲಾಶ್‌ಓವರ್.

ಮುಂದಿನ ಸಲ ಶಟರ್ ಮುಟ್ಟುವ ಮೊದಲು ಒಂದು ನಿಮಿಷ ಸುಮ್ನೆ ನಿಂತು ನೋಡು. ಸಂದಿಯಲ್ಲಿ ಹೊಗೆ ಉಸಿರಾಡಿದ ಹಾಗೆ ಒಳಗೆ-ಹೊರಗೆ ಹೋಗುತ್ತಿದೆಯಾ? ಗಾಜಿನ ಒಳಗಡೆ ಎಣ್ಣೆ ಹಚ್ಚಿದಂಥ ಕಪ್ಪು ಕಲೆ ಇದೆಯಾ? ಶಟರಿನ ಮೇಲ್ಭಾಗದ ಬಣ್ಣ ಗುಳ್ಳೆ ಎದ್ದಿದೆಯಾ?

ಇನ್ನೊಂದು ಮಾತು. ನಾನು ಸೇರಿದ ಕಾಲದಲ್ಲಿ ಮನೆಗಳಲ್ಲಿ ಹತ್ತಿ ಹಾಸಿಗೆ, ಮರದ ಬೆಂಚು. ಈಗ ಎಲ್ಲಾ ಫೋಮ್, ಪ್ಲಾಸ್ಟಿಕ್. ಸುರಕ್ಷತಾ ಪರೀಕ್ಷೆ ಮಾಡುವ ಅಮೆರಿಕದ ಯುಎಲ್ ಸಂಸ್ಥೆ ಎರಡೂ ಥರದ ಕೋಣೆಗಳನ್ನು ಸುಟ್ಟು ನೋಡಿದೆ. ಹಳೇ ಸಾಮಾನಿನ ಕೋಣೆ ಫ್ಲಾಶ್‌ಓವರ್ ಆಗಲು 29 ನಿಮಿಷ ದಾಟಿತು. ಹೊಸದು 4 ನಿಮಿಷದೊಳಗೆ ಆಯಿತು. ನಾವು ಸ್ಥಳ ಮುಟ್ಟುವ ಹೊತ್ತಿಗೆ ಬೆಂಕಿ ಗಾಳಿಗಾಗಿ ಕಾಯುತ್ತಿರುತ್ತದೆ.

ಡ್ರೈವರ್ ಮೆಕ್ಯಾನಿಕ್:
ಸರ್, ನಮ್ಮ ಕಡೆ ಹೊಗೆ ಹೋಗಲಿ ಅಂತ ಮೊದಲು ಕಿಟಕಿ ಒಡೆಯುತ್ತೇವೆ. ಹಾಗಾದರೆ ಅದು ತಪ್ಪಾ? 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ಹೊಗೆಯ ದೆಸೆಯಿಂದಲೇ ಅಲ್ವಾ? ಹೊಗೆ ತಾಳಲಾರದೆ ಮೇಲಿಂದ ಹಾರಿದವರೂ ಇದ್ದರು.

ನಿವೃತ್ತ ಲೀಡಿಂಗ್ ಫೈರ್‌ಮನ್:
ಒಳ್ಳೇ ಪ್ರಶ್ನೆ. ಆ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಹೊಗೆ ವೈರುಗಳು ಹೋಗುವ ಡಕ್ಟ್ ಹಿಡಿದು ಮೇಲಿನ ಮಹಡಿಗಳಿಗೆ ಏರಿತು. ಜನ ಸಿಕ್ಕಿಕೊಂಡಿರುವ ಕಡೆ, ಮೆಟ್ಟಿಲ ತುದಿಯಲ್ಲಿ ಹೊಗೆಗೆ ದಾರಿ ಮಾಡಲೇಬೇಕು. ಆದರೆ ಬೆಂಕಿ ಇರುವ ಕೋಣೆಯದು ಬೇರೆ ಲೆಕ್ಕ. ಅಲ್ಲಿ ಮೊದಲು ನೀರು, ಆಮೇಲೆ ಕಿಟಕಿ. ಬ್ರಾಂಚಿನಲ್ಲಿ, ಅಂದರೆ ಹೋಸಿನ ತುದಿಯ ನಳಿಕೆಯಲ್ಲಿ, ನೀರು ಬರುವವರೆಗೆ ಬಾಗಿಲು ಮುಚ್ಚಿಯೇ ಇರಲಿ.

ನೀರನ್ನು ಮೇಲಿನ ಹೊಗೆಗೆ ಸ್ವಲ್ಪ ಸ್ವಲ್ಪವೇ ಬಿಡಿ. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗುತ್ತದೆ. ಒಮ್ಮೆಗೇ ಸುರಿದರೆ ಆ ಹಬೆ ಒಳಗೆ ಹೋದ ನಿಮ್ಮನ್ನೇ ಬೇಯಿಸುತ್ತದೆ.

ಹೊಸ ಫೈರ್‌ಮನ್:
ತುಂಬಾ ಥ್ಯಾಂಕ್ಸ್ ಸರ್. ಸದ್ದು ಬರಲಿಲ್ಲ, ಯಾವುದೂ ತಳ್ಳಲಿಲ್ಲ. ಒಂದು ಅನುಮಾನ. ಒಳಗೆ ಹೋದ ಮೇಲೆ ಶಟರನ್ನು ಮತ್ತೆ ಇಳಿಸಬೇಕಾ?

ನಿವೃತ್ತ ಲೀಡಿಂಗ್ ಫೈರ್‌ಮನ್:
ಹೋಸ್ ಮತ್ತು ಒಬ್ಬ ಮನುಷ್ಯ ನುಸುಳುವಷ್ಟು ಬಿಟ್ಟು ಇಳಿಸಿ. ಕೆಳಗೆ ಸೈಜುಗಲ್ಲು ಕೊಡಿ, ಪಕ್ಕದಲ್ಲಿ ಒಬ್ಬರು ನಿಂತೇ ಇರಲಿ. ಶಟರ್ ಜಾರಿ ಬಿದ್ದರೆ ಹೋಸ್ ಅದುಮಿ ನೀರು ನಿಲ್ಲುತ್ತದೆ, ಒಳಗಿರುವವನಿಗೆ ವಾಪಸ್ ಬರುವ ದಾರಿಯೂ ಮುಚ್ಚಿ ಹೋಗುತ್ತದೆ.