ಸಿಂಗಾಪುರದಿಂದ ಊರಿಗೆ ಬರೋ ದಿನ ಶಾಪಿಂಗೆಲ್ಲಾ ಏರ್‌ಪೋರ್ಟ್‌ನಾಗ ಮಾಡಿದ್ರ ನಡೀತದೇನ್ರಿ?

ಹುಬ್ಬಳ್ಳಿ ಅಕ್ಕ

ಎಲ್ಲಾರಿಗೂ ನಮಸ್ಕಾರ್ರಿ. ನಾನು, ಮನಿಯವ್ರು, ಇಬ್ರು ಹುಡುಗ್ರು ಸೇರಿ ಸಿಂಗಾಪುರಕ್ಕ ಬಂದೀವಿ, ನಾಡದು ರಾತ್ರಿ ಎಂಟರ ಸುಮಾರಿಗೆ ಚಾಂಗಿಯಿಂದ ಬೆಂಗಳೂರಿಗೆ ಫ್ಲೈಟ್ ಅದ. ಐದು ದಿವಸ ಝೂ, ಸೆಂಟೋಸಾ, ಗಾರ್ಡನ್ಸ್ ಬೈ ದ ಬೇ ಅಂತ ತಿರಗ್ಯಾಡೋದ್ರಾಗನ ಹೋತು, ಊರಿಗೆ ಒಯ್ಯೋದು ಒಂದೂ ತಗೊಂಡಿಲ್ಲ. ನಿನ್ನೆ ರಾತ್ರಿ ಕುಂತು ಪಟ್ಟಿ ಮಾಡಿದ್ರ ಹದಿನಾಲ್ಕು ಮನಿ ಆತು, ಅತ್ತಿ-ಮಾವ, ನಮ್ಮವ್ವ, ಇಬ್ರು ನಾದಿನಿಯರು, ಓಣಿಯವ್ರು, ಮನಿಯವ್ರ ಆಫೀಸಿನವ್ರು, ಹಿಂಗ. ಹೊಟೆಲ್ ಹನ್ನೊಂದಕ್ಕ ಬಿಡಬೇಕು, ಅದಕ್ಕ ಮನಿಯವ್ರು ಅಂತಾರ ನೆಟ್ಟಗ ಏರ್‌ಪೋರ್ಟಿಗೆ ಹೋಗಿಬಿಡೂಣು, ಅಲ್ಲಿಯ ಜ್ಯುವೆಲ್ ಮಾಲ್ ನೋಡಿದಂಗೂ ಆತು ಸಾಮಾನು ತಗೊಂಡಂಗೂ ಆತು, ಡ್ಯೂಟಿ ಫ್ರೀ ಅಂದ್ರ ಸೋವಿ ಇರತದ ಅಂತ. ನನಗ ಅದು ಖಾತ್ರಿ ಇಲ್ಲ, ಅಲ್ಲೆ ಹೋಗಿ ಎಲ್ಲಾ ತುಟ್ಟಿ ಇದ್ರ ಆಮ್ಯಾಲೆ ಏನ್ ಮಾಡೋದು.

ಇನ್ನೊಂದಿಷ್ಟು ಕೇಳೋದದ. ಮಗಗ 260 ಡಾಲರಿನ ವಾಚ್ ತಗೊಂಡೀವಿ, ಅಂಗಡ್ಯಾಗ ಪಾಸ್‌ಪೋರ್ಟ್ ನೋಡಿ ಜಿಎಸ್‌ಟಿ ವಾಪಸ್ ಸಿಗತದ ಅಂತ ಚೀಟಿ ಕೊಟ್ಟಾರ, ಅದನ್ನ ಎಲ್ಲೆ ತೋರಸಬೇಕು? ಮತ್ತ ಇಲ್ಲೆ ಬ್ರೆಡ್ಡಿಗೆ ಹಚ್ಚೋ ಕಾಯಾ ಅನ್ನೋ ಜಾಮ್ ಹುಡುಗ್ರಿಗೆ ಭಾಳ ಸೇರೇದ, ನಾಲ್ಕು ಬಾಟ್ಲಿ ಒಯ್ಯೂಣು ಅಂತ, ಅವ್ವಗೂ ಒಂದು. ಅವ್ವ ತತ್ತಿ ತಿನ್ನೂದಿಲ್ಲ, ಅದರಾಗ ಕಾಯಿ-ಸಕ್ರಿ ಅಷ್ಟ ಇರತದಲ್ಲಾ? ನಮ್ಮ ಕಾಕಾ ಒಂದು ಸ್ಕಾಚ್ ಹೇಳ್ಯಾರ, ಆದ್ರ ಬೆಂಗಳೂರಿಂದ ಹುಬ್ಬಳ್ಳಿಗೆ ಮರುದಿನ ಮುಂಜಾನೆ ಬೇರೆ ಟಿಕೆಟ್ ಅದ, ಅದು ಹೆಂಗ ಅಂತ ತಿಳಿವಲ್ದು. ಇದು ನಮ್ಮ ಮೊದಲನೇ ಫಾರಿನ್ ಟ್ರಿಪ್ರಿ, ಖಾಲಿ ಕೈಲೆ ಮನಿಗೆ ಹೋಗಾಕ ಮನಸ್ಸಿಲ್ಲ. ಗೊತ್ತಿದ್ದವ್ರು ಹೇಳ್ರಿ.

ಟ್ಯಾಂಪಿನೀಸ್‌ನಿಂದ ತುಮಕೂರು

ಅಕ್ಕ, ನಾನು ಒಂಬತ್ತು ವರ್ಷದಿಂದ ಇಲ್ಲೇ ಇರೋದು, ಊರಿಂದ ಬಂದವ್ರನ್ನೆಲ್ಲಾ ಚಾಂಗಿಗೆ ಬಿಟ್ಟು ಬಿಟ್ಟು ಈ ವಿಷಯ ಬಾಯಿಪಾಠ ಆಗಿದೆ. ಹದಿನಾಲ್ಕು ಮನೆಗೆ ಹಂಚೋ ಸಾಮಾನು ದಯವಿಟ್ಟು ಏರ್‌ಪೋರ್ಟಲ್ಲಿ ತಗೋಬೇಡಿ. ಡ್ಯೂಟಿ ಫ್ರೀ ಅಂದ್ರೆ ಟ್ಯಾಕ್ಸ್ ಇಲ್ಲ ಅಂತ ಅಷ್ಟೇ, ರೇಟು ಕಮ್ಮಿ ಅಂತ ಅಲ್ಲ. ಡ್ರಿಂಕ್ಸ್ ಥರದ್ದಕ್ಕೆ ಹೊರಗಡೆ ಟ್ಯಾಕ್ಸೇ ಜಾಸ್ತಿ ಇರೋದ್ರಿಂದ ಅಲ್ಲಿ ತಗೊಂಡ್ರೆ ವ್ಯತ್ಯಾಸ ಗೊತ್ತಾಗುತ್ತೆ, ಚಾಕಲೇಟು ಬಿಸ್ಕೆಟ್ಟಿಗೆ ಅದೇನೂ ಇಲ್ಲ, ಎಷ್ಟೋ ಸಲ ಸಿಟಿಯಲ್ಲೇ ಕಮ್ಮಿಗೆ ಸಿಗುತ್ತೆ. ಮತ್ತೆ ಜ್ಯುವೆಲ್ ಡ್ಯೂಟಿ ಫ್ರೀ ಅಲ್ಲವೇ ಅಲ್ಲ, ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದ್ರೆ! 2019ರಲ್ಲಿ ಓಪನ್ ಆದ ಮಾಲ್ ಅದು, ಇಮಿಗ್ರೇಷನ್‌ಗೆ ಮುಂಚೆನೇ ಸಿಗುತ್ತೆ, ಇಲ್ಲಿನವ್ರು ವೀಕೆಂಡಿಗೆ ಊಟಕ್ಕೆ ಅಂತಾನೇ ಹೋಗ್ತಾರೆ, ಬೇರೆ ಅಂಗಡಿ ಥರಾನೇ 9% ಜಿಎಸ್‌ಟಿ ಸೇರಿರುತ್ತೆ. ಅಲ್ಲಿ ಮಕ್ಕಳಿಗೆ ಆ ನೀರು ಬೀಳೋದನ್ನ ತೋರಿಸಿ, 40 ಮೀಟರ್ ಮೇಲಿಂದ ಗಾಜಿನ ಚಾವಣಿಯ ನಡುವಿನ ತೂತಿಂದ ಬೀಳುತ್ತೆ, ಕತ್ತಲಾದ್ಮೇಲೆ ಬಣ್ಣದ ಲೈಟೂ ಬಿಡ್ತಾರೆ ಆದ್ರೆ ನಿಮ್ಮ ಫ್ಲೈಟ್ ಟೈಮಿಗೆ ಅದು ಕಷ್ಟ.

ಸಾಮಾನಿಗೆ ನಾಳೆ ಸಂಜೆನೇ ಲಿಟಲ್ ಇಂಡಿಯಾದಲ್ಲಿರೋ ಮುಸ್ತಫಾ ಅನ್ನೋ ದೊಡ್ಡ ಅಂಗಡಿಗೆ ಹೋಗಿಬಿಡಿ. ಫೇರರ್ ಪಾರ್ಕ್ ಎಂಆರ್‌ಟಿ ಮೆಟ್ರೋ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡು ಹೋಗೋ ದೂರ, ರಾತ್ರಿ ತಡವಾಗೂ ತೆಗೆದಿರುತ್ತೆ, ಚಾಕಲೇಟ್, ಬಾಮ್, ಕೀ ಚೈನ್, ಸೂಟ್‌ಕೇಸ್ ಎಲ್ಲಾ ಒಂದೇ ಕಡೆ. ಪಾಸ್‌ಪೋರ್ಟ್ ಒರಿಜಿನಲ್ ತಗೊಂಡ್ ಹೋಗಿ, ಫೋನಲ್ಲಿರೋ ಫೋಟೋ ನಡಿಯಲ್ಲ. 100 ಡಾಲರ್ ದಾಟಿದ್ರೆ ಅಲ್ಲೂ ಜಿಎಸ್‌ಟಿ ವಾಪಸ್ಸಿಗೆ ಬರೆಸಬಹುದು, ಒಂದೇ ಅಂಗಡಿದು ಒಂದೇ ದಿನದ್ದು ಆದ್ರೆ ಮೂರು ಬಿಲ್ ತನಕ ಸೇರಿಸ್ತಾರೆ.

ಈಗ ನಿಮ್ಮ ವಾಚು. ಇಲ್ಲಿ ಹೆಚ್ಚಿನವ್ರು ಎಡವೋದು ಯಾವುದು ಮೊದಲು ಯಾವುದು ಆಮೇಲೆ ಅನ್ನೋದ್ರಲ್ಲಿ. ಚೆಕ್-ಇನ್ ಬ್ಯಾಗಿಗೆ ಹಾಕೋ ಸಾಮಾನಿನ ಕ್ಲೇಮು ಬ್ಯಾಗ್ ಕೊಡೋದಕ್ಕೆ ಮುಂಚೆ, ಚೆಕ್-ಇನ್ ಹಾಲಲ್ಲಿರೋ ಇ-ಟಿಆರ್‌ಎಸ್ ಕಿಯಾಸ್ಕಲ್ಲಿ (ಜಿಎಸ್‌ಟಿ ವಾಪಸ್ ಕೇಳೋ ಮಷೀನು) ಮಾಡಬೇಕು, ಯಾಕಂದ್ರೆ ಕಸ್ಟಮ್ಸಿನವ್ರು ಸಾಮಾನು ತೋರಿಸಿ ಅಂತ ಕೇಳಬಹುದು. ಬ್ಯಾಗ್ ಬೆಲ್ಟಿನ ಮೇಲೆ ಹೋಯ್ತು ಅಂದ್ರೆ ಮುಗೀತು, ತೋರ್ಸೋಕೆ ಏನೂ ಇರಲ್ಲ. ಕೈಯಲ್ಲಿ ಒಯ್ಯೋದಾದ್ರೆ ಇಮಿಗ್ರೇಷನ್ ಆದ್ಮೇಲೆ ಒಳಗಿನ ಕಿಯಾಸ್ಕು. ವಾಚ್ ಹೇಗಿದ್ರೂ ಹ್ಯಾಂಡ್ ಬ್ಯಾಗಲ್ಲಿಟ್ಕೊಳ್ಳಿ, ಮುಸ್ತಫಾ ಸಾಮಾನು ಮೊದಲೇ ಮುಗಿಸಿ. ಯಾರ ಪಾಸ್‌ಪೋರ್ಟಲ್ಲಿ ಬರೆಸಿದ್ರೋ ಅವ್ರದ್ದೇ ಸ್ಕ್ಯಾನ್ ಮಾಡಿದ್ರೆ ಬಿಲ್ಲೆಲ್ಲಾ ಸ್ಕ್ರೀನ್ ಮೇಲೆ ಬರುತ್ತೆ, ಕಾರ್ಡಿಗೆ ಬೇಕಾ ಕ್ಯಾಶ್ ಬೇಕಾ ಅಂತ ಕೇಳುತ್ತೆ, ಕ್ಯಾಶ್ ಆದ್ರೆ ಒಳಗಿನ ಕೌಂಟರಲ್ಲಿ ಕೊಡ್ತಾರೆ. 260ರಲ್ಲಿ ಜಿಎಸ್‌ಟಿ 21 ಡಾಲರ್ ಚಿಲ್ಲರೆ, ಸ್ವಲ್ಪ ಫೀಸ್ ಹಿಡ್ಕೊಂಡು ಮಿಕ್ಕಿದ್ದು ನಿಮ್ಗೆ.

ಕಾಯಾ ವಿಷ್ಯ ಕೇಳಿದ್ದು ಒಳ್ಳೇದಾಯ್ತು. ಹೆಸರು ಕೇಳಿದ್ರೆ ನಮ್ಮ ಕಾಯಿ ಅನ್ಸುತ್ತೆ, ಮಲಯ್ ಭಾಷೇಲಿ ಅದಕ್ಕೆ ಶ್ರೀಮಂತ ಅಂತ ಅರ್ಥ. ತೆಂಗಿನಹಾಲು, ಸಕ್ಕರೆ, ಪಾಂಡನ್ ಎಲೆ (ನಮ್ಮ ಕೇದಿಗೆ ಜಾತಿದು) ಎಲ್ಲಾ ಸರಿ, ಆದ್ರೆ ಮೊಟ್ಟೆ ಹಾಕೇ ಮಾಡೋದು. ಹಸಿರು ಬಣ್ಣದ ಪಾಂಡನ್ ಶಿಫಾನ್ ಕೇಕಲ್ಲೂ ಮೊಟ್ಟೆ ಇರುತ್ತೆ. ಅಮ್ಮನಿಗೆ ಕೊಡಬೇಡಿ. ಮೊಟ್ಟೆ ಇಲ್ಲದ ಕಾಯಾನೂ ಬರುತ್ತೆ, ಲೇಬಲ್ ಓದಿ ತಗೊಳ್ಳಿ.

ಸರಸ್ವತಿಪುರಂ ಸೊಸೆ

ಮೇಲಿನವ್ರು ಹೇಳಿದ್ದೆಲ್ಲಾ ಸರಿ, ನಾನು ಬರೀ ಏನು ತಗೋಬೇಕು ಅನ್ನೋದು ಹೇಳ್ತೀನಿ ಯಾಕಂದ್ರೆ ಹೋದ ವರ್ಷ ನಾವೂ ಹೋಗಿದ್ವಿ. ವಯಸ್ಸಾದವ್ರಿಗೆ ಟೈಗರ್ ಬಾಮ್ ಮತ್ತೆ ಆಕ್ಸ್ ಆಯಿಲ್, ಕೊಡಲಿ ಚಿತ್ರದ ಹಸಿರು ಎಣ್ಣೆ ಅಲ್ವಾ ಅದು. ಎರಡೂ ಸಿಂಗಾಪುರದವೇ, ಹಗುರ, ಡಜನ್ ಲೆಕ್ಕದಲ್ಲಿ ತಗೊಂಡ್ರೂ ಭಾರ ಆಗಲ್ಲ. ಟೈಗರ್ ಬಾಮಲ್ಲಿ ಬಿಳೀದು ತಲೆನೋವಿಗೆ, ಕೆಂಪುದು ಮಂಡಿ ಸೊಂಟಕ್ಕೆ, ಕೆಂಪುದು ಸೀರೆಗೆ ಕಲೆ ಆಗುತ್ತೆ ಅದನ್ನ ಕೊಡೋವಾಗಲೇ ಹೇಳ್ಬಿಡಿ. ನಮ್ಮತ್ತೆಗೆ ಆಕ್ಸ್ ಆಯಿಲಿನ ಚಿಕ್ಕ ಬಾಟಲಿ ತಂದಿದ್ದೆ, ಖಾಲಿ ಆಗಿ ಎಷ್ಟೋ ತಿಂಗಳಾಯ್ತು, ಇನ್ನೂ ಕರ್ಚೀಫಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಕೊಂಡಿದ್ದಾರೆ, ಮುಚ್ಚಳ ತೆಗೆದು ವಾಸನೆ ನೋಡಿ ಮತ್ತೆ ಮುಚ್ತಾರೆ. ಅಷ್ಟು ದುಬಾರಿ ಪರ್ಸು ತಂದುಕೊಟ್ಟಿದ್ದೆ, ಅದು ಬೀರುವಿನಲ್ಲೇ ಇದೆ. ಹಾಗಾಗಿ ರೇಟು ನೋಡಬೇಡಿ, ಅವರು ದಿನಾ ಮುಟ್ಟೋ ವಸ್ತು ಯಾವುದು ಅಂತ ಯೋಚ್ನೆ ಮಾಡಿ ತಗೊಳ್ಳಿ.

ಇನ್ನೊಂದು, ಹ್ಯಾಂಡ್ ಬ್ಯಾಗ್ ಭಾರ. ನಾವು ವಾಪಸ್ ಬರೋವಾಗ ಒಂದು ಕಡಿಮೆ ದರದ ಏರ್‌ಲೈನಲ್ಲಿ ಗೇಟ್ ಹತ್ರ ಡ್ಯೂಟಿ ಫ್ರೀ ಕವರನ್ನೂ ಬ್ಯಾಗ್ ಜೊತೆಗಿಟ್ಟು ತೂಗಿದ್ರು, ಒಂದೂವರೆ ಕೆಜಿ ಜಾಸ್ತಿ ಅಂತ ದುಡ್ಡು ಕಟ್ಟಿಸ್ಕೊಂಡ್ರು, ಆ ದುಡ್ಡಲ್ಲಿ ಇನ್ನೂ ನಾಲ್ಕು ಮನೆಗೆ ಚಾಕಲೇಟ್ ಬರ್ತಿತ್ತು. ತುಂಬಾ ಬೇಜಾರಾಯ್ತು. ನಿಮ್ಮ ಏರ್‌ಲೈನ್ ಎಷ್ಟು ಕೆಜಿ ಬಿಡ್ತಾರೆ ಅಂತ ಟಿಕೆಟ್ ತೆಗೆದು ಈಗ್ಲೇ ನೋಡ್ಕೊಳ್ಳಿ.

ಉಡುಪಿ ಭಟ್ರ ಮನೆ

ಬೆಂಗಳೂರಿಂದ ಮುಂದೆ ಹೋಗುವ ಕಥೆ ಯಾರೂ ಹೇಳ್ಲಿಲ್ಲ ಮಾರಾಯ್ರೆ, ನಿಮಗೆ ತೊಂದರೆ ಆಗುವುದು ಅಲ್ಲಿಯೇ. ಚಾಂಗಿಯಲ್ಲಿ ಸ್ಕಾಚ್ ತಗೊಂಡ್ರೆ ಸೀಲ್ ಮಾಡಿದ ಕವರಲ್ಲಿ ಕೊಡ್ತಾರೆ, ಅದನ್ನು ಬೆಂಗಳೂರಿನ ತನಕ ಕೈಯಲ್ಲಿ ತರ್ಲಿಕ್ಕೆ ಆಗ್ತದೆ. ಆದರೆ ಹುಬ್ಬಳ್ಳಿ ಫ್ಲೈಟಿಗೆ ನೀವು ಹೊಸದಾಗಿ ಸೆಕ್ಯುರಿಟಿ ದಾಟಬೇಕಲ್ಲ, ಅಲ್ಲಿ ಆ ಕವರಿನ ಧೈರ್ಯದಲ್ಲಿ ಹೋಗ್ಲಿಕ್ಕೆ ಆಗುವುದಿಲ್ಲ. ನಾನು ದುಬೈಯಿಂದ ಬಂದವ ಒಮ್ಮೆ ಹೀಗೇ ಇನ್ನೊಂದು ಫ್ಲೈಟ್ ಹಿಡಿಯುವಾಗ ಹೆಂಡತಿಗೆ ಅಂತ ತಂದ 125 ಎಂಎಲ್ ಸೆಂಟಿನ ಬಾಟ್ಲಿ, ಪೆಟ್ಟಿಗೆ ಸಹ ಒಡೆದಿರ್ಲಿಲ್ಲ, ಟ್ರೇಯಲ್ಲಿ ಇಟ್ಟು ಬರಬೇಕಾಯ್ತು. ಇವತ್ತಿಗೂ ನೆನಪಾದ್ರೆ ಹೊಟ್ಟೆ ಉರೀತದೆ.

ಹಾಗಾಗಿ ಬೆಂಗಳೂರಲ್ಲಿ ಸೂಟ್‌ಕೇಸ್ ಕೈಗೆ ಬಂದ ಕೂಡ್ಲೇ ಬಾಟ್ಲಿಯನ್ನು ಬಟ್ಟೆಯ ನಡುವೆ ಸುತ್ತಿ ಅದರೊಳಗೆ ಹಾಕಿ ಬೀಗ ಹಾಕಿ, ಹುಬ್ಬಳ್ಳಿಗೆ ಚೆಕ್-ಇನ್‌ನಲ್ಲಿ ಕಳಿಸಿ. ಇನ್ನೂ ಸುಲಭ ಬೇಕಾದ್ರೆ ಚಾಂಗಿಯಲ್ಲಿ ತಗೊಳ್ಳುವುದೇ ಬೇಡ, ಬೆಂಗಳೂರಲ್ಲಿ ಇಳಿದ ಮೇಲೆ ಹೊರಗೆ ಬರುವ ಮೊದಲು ಡ್ಯೂಟಿ ಫ್ರೀ ಉಂಟು, ಅಲ್ಲೇ ತಗೊಳ್ಳಿ, ಅಷ್ಟು ದೂರ ಹೊರುವುದು ತಪ್ತದೆ. ಒಬ್ಬರಿಗೆ ಎರಡು ಲೀಟರ್ ತನಕ ಡ್ಯೂಟಿ ಇಲ್ಲ. ಕಾಯಾ ಬಾಟ್ಲಿಯೂ ಹಾಗೆಯೇ, ಜಾಮ್ ಅಂದ್ರೆ ಸೆಕ್ಯುರಿಟಿ ಲೆಕ್ಕದಲ್ಲಿ ಲಿಕ್ವಿಡ್ಡೇ, 100 ಎಂಎಲ್‌ಗಿಂತ ದೊಡ್ಡ ಬಾಟ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಸೂಟ್‌ಕೇಸಿಗೇ ಹಾಕಿ. ಪವರ್ ಬ್ಯಾಂಕ್ ತಗೊಂಡ್ರೆ ಅದು ಉಲ್ಟಾ, ಕೈಯಲ್ಲೇ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಬೇರೆ ಟಿಕೆಟ್ ಅಂದ್ರಲ್ಲ, ನಮ್ಮ ಡೊಮೆಸ್ಟಿಕ್ ಫ್ಲೈಟಲ್ಲಿ ಸಾಮಾನ್ಯ ಟಿಕೆಟಿಗೆ ಒಬ್ಬರಿಗೆ 15 ಕೆಜಿ ಚೆಕ್-ಇನ್ ಅಷ್ಟೇ. ಸಿಂಗಾಪುರದಿಂದ ಹೆಚ್ಚು ಬಿಟ್ಟಿದ್ದಾರೆ ಅಂತ ತುಂಬಿಸಿಕೊಂಡು ಬಂದ್ರೆ ಬೆಂಗಳೂರಲ್ಲಿ ಎಕ್ಸ್ಟ್ರಾ ಕಟ್ಟಬೇಕಾದೀತು. ನಾಲ್ಕು ಜನ ಅಂದ್ರೆ 60 ಕೆಜಿ, ಆ ಲೆಕ್ಕ ಇಟ್ಟುಕೊಂಡು ಖರೀದಿ ಮಾಡಿ.

ಹುಬ್ಬಳ್ಳಿ ಅಕ್ಕ

ಅಯ್ಯ, ಎಷ್ಟ್ ಛಲೋ ಹೇಳಿದ್ರಿ ಎಲ್ಲಾರೂ. 15 ಕೆಜಿದು ನಮಗ ಗೊತ್ತ ಇರಲಿಲ್ಲ, ಟಿಕೆಟ್ ತಗದು ನೋಡಿದ್ರ ಖರೇನ ಹಂಗ ಬರದದ. ಇನ್ನೊಂದ ಕೇಳ್ತೀನಿ, ಚಿಲ್ಲರ್ ನಾಣ್ಯ ಭಾಳ ಉಳದಾವ, ಅವನ್ನ ಊರಾಗ ಬದಲಿ ಮಾಡಿಕೊಡ್ತಾರೇನು? ಮತ್ತ ಕಾರ್ಡ್ ಕೊಟ್ಟಾಗ ಮಷೀನ್‌ನಾಗ ರೂಪಾಯಿನೋ ಡಾಲರೋ ಅಂತ ಕೇಳತದ, ಯಾವದು ಒತ್ತಬೇಕು?

ಟ್ಯಾಂಪಿನೀಸ್‌ನಿಂದ ತುಮಕೂರು

ನಾಣ್ಯ ಯಾರೂ ತಗೊಳ್ಳಲ್ಲ ಅಕ್ಕ, ನೋಟು ಮಾತ್ರ. ಏರ್‌ಪೋರ್ಟಲ್ಲಿ ಏನಾದ್ರೂ ತಗೊಂಡಾಗ ಮೊದಲು ನಾಣ್ಯ ಪೂರ್ತಿ ಕೊಟ್ಟು ಮಿಕ್ಕಿದ್ದು ಕಾರ್ಡಲ್ಲಿ ಕೊಡ್ತೀನಿ ಅನ್ನಿ, ಒಪ್ಕೋತಾರೆ. ಮಷೀನಲ್ಲಿ ಯಾವತ್ತೂ ಸಿಂಗಾಪುರ ಡಾಲರೇ ಒತ್ತಿ, ರೂಪಾಯಿ ಒತ್ತಿದ್ರೆ ಅವ್ರ ರೇಟಲ್ಲಿ ಲೆಕ್ಕ ಹಾಕ್ತಾರೆ, ನಿಮಗೇ ಲಾಸು. ಮುಸ್ತಫಾದಲ್ಲಿ ಚೀಲದ ಬಾಯಿಗೆ ಪ್ಲಾಸ್ಟಿಕ್ ಟೈ ಬಿಗೀತಾರೆ, ಹೋಟೆಲಲ್ಲೇ ಕತ್ತರಿ ಇಸ್ಕೊಂಡು ಬಿಚ್ಚಿ ಪ್ಯಾಕ್ ಮಾಡ್ಕೊಳ್ಳಿ, ಏರ್‌ಪೋರ್ಟಲ್ಲಿ ಅದನ್ನ ಹಲ್ಲಲ್ಲಿ ಕಚ್ಚಿ ಕೀಳೋಕೆ ನೋಡ್ತಿದ್ದವ್ರನ್ನ ಕಂಡಿದ್ದೀನಿ.

ಹುಬ್ಬಳ್ಳಿ ಅಕ್ಕ

ಮನಿ ಮುಟ್ಟೀವ್ರಿ, ನಾಲ್ಕು ದಿವಸ ಆತು. ನೀವು ಹೇಳಿದಂಗ ಹಿಂದಿನ ದಿನ ಸಂಜಿಗೇ ಮುಸ್ತಫಾಕ್ಕ ಹೋಗಿ ಎಲ್ಲಾ ತಗೊಂಡ್ವಿ, ಜಿಎಸ್‌ಟಿ ಬ್ಯಾಗ್ ಕೊಡೋಕ್ಕಿಂತ ಮೊದಲ ಮಾಡಿದ್ವಿ, ವಾಚಿಂದು ಒಳಗ ಹೋಗಿ ಮಾಡಿದ್ವಿ, ಐದು ನಿಮಿಷನೂ ಹಿಡೀಲಿಲ್ಲ. ಏರ್‌ಪೋರ್ಟ್‌ನಾಗ ಶಾಪಿಂಗ್ ಅಂತ ಮಾಡಿದ್ದು ಎರಡ, ನಾಣ್ಯ ಮುಗಸಾಕ ಹುಡುಗ್ರಿಗೆ ಮರ್ಲಯನ್ (ಸಿಂಹದ ತಲಿ, ಮೀನಿನ ಮೈ ಇರೋದು) ಬೊಂಬಿ ಮತ್ತ ನಾದಿನಿಗೆ ಆರ್ಕಿಡ್ ಹೂವಿನ ಬ್ರೂಚು. ಉಳದ ಹೊತ್ತೆಲ್ಲಾ ಜ್ಯುವೆಲ್‌ನಾಗ ನೀರಿನ ಮುಂದ ಕುಂತಿದ್ವಿ, ಸಣ್ಣಾಂವ ಏಳಲಿಕ್ಕೇ ಒಲ್ಲೆ ಅಂದ.

ಕಾಕಾನ ಬಾಟ್ಲಿ ಬೆಂಗಳೂರಾಗ ತಗೊಂಡು ಮನಿಯವ್ರ ಸ್ವೆಟರ್‌ನಾಗ ಸುತ್ತಿ ಸೂಟ್‌ಕೇಸಿಗೆ ಹಾಕಿದ್ವಿ, ಏನೂ ಆಗಿಲ್ಲ. ತತ್ತಿ ಇಲ್ಲದ ಕಾಯಾ ಸಿಗಲಿಲ್ಲ, ಅವ್ವಗ ಕೆಂಪು ಟೈಗರ್ ಬಾಮ್ ಕೊಟ್ಟೆ, ಅವತ್ತ ರಾತ್ರಿನ ಮೊಣಕಾಲಿಗೆ ಹಚ್ಚಿಕೊಂಡು ಮುಂಜಾನೆ ಫೋನ್ ಮಾಡಿ ಇನ್ನೂ ಎರಡು ತರಬೇಕಿತ್ತಲ್ಲ ಅಂದ್ಳು. ಆಕ್ಸ್ ಆಯಿಲ್ ಒಂದು ಡಜನ್ ತಂದಿದ್ದೆ, ಒಂದು ಉಳದಿತ್ತು, ಅದನ್ನ ಇವತ್ತ ನಮ್ಮನಿ ಭಾಂಡೆ ತಿಕ್ಕಾಕ ಬರೋ ಅಕ್ಕಗ ಕೊಟ್ಟೆ. ಹತ್ತು ವರ್ಷದಿಂದ ಬರ್ತಾಳ ಅಕಿ, ಪಟ್ಟಿ ಮಾಡುವಾಗ ಅಕಿ ಹೆಸರ ಬರದಿರಲಿಲ್ಲ ನಾನು.