ಸಿಟಿ ಲಿಮಿಟ್ ಆಚೆ ಇರೋರು ನಗರದ ನೀರು ಕೇಳ್ಬೋದಾ? ಕೌನ್ಸಿಲ್ ಹಾಕಿರೋ ಷರತ್ತು ಸರಿನಾ?

ಗಡಿಯಾಚೆ:
ನಮ್ ಬಡಾವಣೆ ನಗರದ ಗಡಿ ಮುಗಿದ ತಕ್ಷಣ ಶುರುವಾಗತ್ತೆ, ಮೇನ್ ಪೈಪು ತಿರುವಲ್ಲೇ ಬಂದು ನಿಂತಿದೆ, ನಾವು ಮಾತ್ರ ಟ್ಯಾಂಕರ್ ಕಾಯ್ಕೊಂಡು ಕೂತಿದೀವಿ. ಮುಂದಿನ ತಿಂಗಳು ಕೌನ್ಸಿಲ್ ಮುಂದೆ ನಮ್ ಅರ್ಜಿ ಬರತ್ತೆ. ಅವರು ಕೇಳ್ತಿರೋದು ಏನಂದ್ರೆ ಪೈಪ್ ಖರ್ಚು ಪೂರ್ತಿ ನಮ್ದು, ರೇಟು ಒಳಗಿನವರಿಗಿಂತ ಒಂದೂವರೆ ಪಟ್ಟು, ಜೊತೆಗೆ ಮುಂದೆ ನಗರಕ್ಕೆ ಸೇರಿಸ್ಕೊಳ್ಳೋವಾಗ ತಕರಾರು ಮಾಡಲ್ಲ ಅಂತ ಈಗ್ಲೇ ಸೈನ್ ಹಾಕ್ಬೇಕಂತೆ. ಅರ್ಧ ಜನ ಹಾಕೋಣ ಅಂತಾರೆ, ಇನ್ನರ್ಧ ಇದು ಬ್ಲ್ಯಾಕ್‌ಮೇಲ್ ಅಂತಾರೆ. ಗೊತ್ತಿರೋರು ಹೇಳಿ ಪ್ಲೀಸ್.

ನೀರುಗಂಟಿ:
ಸರ್, ಪೈಪು ತಿರುವಲ್ಲಿದೆ ಅಂದ್ರೆ ನೀರೂ ಅಲ್ಲಿದೆ ಅಂತ ಅರ್ಥ ಅಲ್ಲ. ಈ ಕೆಲಸದಲ್ಲಿ ತುಂಬಾ ವರ್ಷ ಇದ್ದವನು ನಾನು, ಜನ ಮೊದಲು ಎಡವೋದು ಇಲ್ಲೇ. ನೀವು ಲೈನಿನ ಬಾಲದ ತುದೀಲಿ ಇರ್ತೀರ, ಬೆಳಿಗ್ಗೆ ಎಲ್ರೂ ನಲ್ಲಿ ತಿರುಗಿಸಿದಾಗ ಪ್ರೆಶರ್ ಮೊದ್ಲು ಬೀಳೋದು ನಿಮ್ ಮನೆಗೇ. ಮೇಲಾಗಿ ಲೈನು ಅಲ್ಲಿಗೇ ಸತ್ತುಹೋದ್ರೆ, ಅಂದ್ರೆ ಇನ್ನೊಂದು ಕಡೆಯಿಂದ ಸುತ್ತಿ ಬಂದು ಕೂಡದೇ ಇದ್ರೆ, ನೀರು ಒಳಗೇ ನಿಂತು ಹಳೇದಾಗಿ ಕ್ಲೋರಿನ್ ಕಮ್ಮಿ ಆಗ್ತಾ ಹೋಗತ್ತೆ, ಆಗಾಗ ತುದಿ ವಾಲ್ವ್ ತೆಗೆದು ಹೊರಗೆ ಬಿಡ್ಬೇಕು, ಆ ನೀರಿನ ಲೆಕ್ಕ ಯಾರ ತಲೆ ಮೇಲೆ ಅಂತ ಈಗ್ಲೇ ಕೇಳ್ಕೊಳ್ಳಿ.

ಇನ್ನೊಂದು, ಪೈಪಿನ ಸೈಜು. ಬೆಂಕಿ ಆರಿಸೋಕೆ ಬೇಕಾಗೋ ನೀರಿನ ಮುಂದೆ ಮನೆ ಬಳಕೆ ಏನೂ ಅಲ್ಲ, ಅದಕ್ಕೇ ಅವರು ದೊಡ್ಡ ಪೈಪ್ ಹಾಕಿ ಅಂದ್ರೆ ಅದು ಮೋಸ ಅಲ್ಲ. ಪೈಪಿನ ವ್ಯಾಸ ಎರಡು ಪಟ್ಟಾದ್ರೆ ಅಷ್ಟೇ ಪ್ರೆಶರಲ್ಲಿ ಹೋಗೋ ನೀರು ಹತ್ತಿರ ಹತ್ತಿರ 6 ಪಟ್ಟಾಗತ್ತೆ, ಆದ್ರೆ ರಸ್ತೆ ಅಗೆಯೋ ಖರ್ಚು ಅಷ್ಟೇನೂ ಏರಲ್ಲ. ಹಾಗಾಗಿ ದೊಡ್ಡದೇ ಹಾಕ್ಸಿ, ಆದ್ರೆ ನಾಳೆ ಆ ಪೈಪಿಂದ ಬೇರೆಯವರು ಕನೆಕ್ಷನ್ ತಗೊಂಡ್ರೆ ಅವರ ಪಾಲಿನ ದುಡ್ಡು ನಿಮಗೆ ವಾಪಸ್ ಬರೋ ಹಾಗೆ ಬರೆಸ್ಕೊಳ್ಳಿ. ಇದನ್ನ ಕೇಳದವರಿಗೆ ಯಾರೂ ತಾವಾಗೇ ಕೊಡಲ್ಲ.

ಒಳಗಿನವ:
ಬೇಜಾರಾಗ್ಬೇಡಿ, ನಮ್ ಕಡೆಯಿಂದಾನೂ ನೋಡಿ ಸ್ವಲ್ಪ. ಆ ಟ್ಯಾಂಕು, ಫಿಲ್ಟರ್ ಪ್ಲಾಂಟು ಎಲ್ಲಾ ನಾವು ವರ್ಷಾನುಗಟ್ಟಲೆ ಟ್ಯಾಕ್ಸ್ ಕಟ್ಟಿ ಕಟ್ಟಿಸಿದ್ದು. ಟ್ಯಾಕ್ಸ್ ಕಮ್ಮಿ ಅಂತ ಆಚೆ ಸೈಟ್ ತಗೊಂಡು ಈಗ ನೀರು ಮಾತ್ರ ಒಂದೇ ರೇಟಿಗೆ ಬೇಕು ಅಂದ್ರೆ ಹೆಂಗೆ?

ಗಡಿಯಾಚೆ:
@ಒಳಗಿನವ ಜಾಸ್ತಿ ರೇಟಿಗೆ ನನ್ ವಿರೋಧ ಇಲ್ಲ, ಆದ್ರೆ ಒಂದೂವರೆ ಪಟ್ಟು ಅನ್ನೋದು ಯಾವ ಲೆಕ್ಕದಿಂದ ಬಂತು ಅಂತ ಯಾರೂ ತೋರಿಸ್ತಿಲ್ಲ. ನಾವು ಓಟು ಹಾಕೋ ಕೌನ್ಸಿಲ್ ಅಲ್ಲ ಅದು, ಮುಂದಿನ ವರ್ಷ ಮೂರು ಪಟ್ಟು ಮಾಡಿದ್ರೆ ಯಾರನ್ನ ಕೇಳೋದು?

ಹಳೇಕಡತ:
ಹಕ್ಕು ಇದ್ಯಾ ಅಂತ ಕೇಳಿದ್ರಲ್ಲ, ಅಮೆರಿಕದಲ್ಲಿ ಈ ಜಗಳ ನೂರು ವರ್ಷದ್ದು. ಅಲ್ಲಿನ ಕೋರ್ಟುಗಳು ಸಾಮಾನ್ಯವಾಗಿ ಹೇಳೋದು, ಒಪ್ಪಂದ ಇಲ್ದಿದ್ರೆ ಗಡಿ ಆಚೆಯವರಿಗೆ ನೀರು ಕೊಡ್ಲೇಬೇಕು ಅಂತ ನಗರಕ್ಕೆ ಬಾಧ್ಯತೆ ಇಲ್ಲ ಅಂತ. ನೀರನ್ನ ಮುಂದಿಟ್ಟು ಗಡಿ ಬೆಳೆಸೋದೂ ಹೊಸದಲ್ಲ, ಲಾಸ್ ಏಂಜಲೀಸ್ 1913ರಲ್ಲಿ ದೂರದಿಂದ ಕಾಲುವೇಲಿ ನೀರು ತಂತು, 1915ರಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಯ ಬಹುಭಾಗ ಆ ನೀರಿಗೋಸ್ಕರಾನೇ ನಗರಕ್ಕೆ ಸೇರ್ಕೊಳ್ತು.

ಆದ್ರೆ ಗಡಿ ಅನ್ನೋದು ಎಲ್ಲಕ್ಕೂ ನೆಪ ಆಗಲ್ಲ. ಓಹಿಯೋದ ಝೇನ್ಸ್‌ವಿಲ್ ಪಕ್ಕ ಕೋಲ್ ರನ್ ಅಂತ ಒಂದು ಜಾಗ, ಕಪ್ಪು ಜನರೇ ಜಾಸ್ತಿ, ಸುಮಾರು ಐವತ್ತು ವರ್ಷ ಅವರಿಗೆ ನಲ್ಲಿ ನೀರಿಲ್ಲ, ಹತ್ತಿರದಲ್ಲೇ ಬಿಳಿಯರ ಮನೆಗಳಿಗೆ ಇತ್ತು. 2008ರಲ್ಲಿ ಜ್ಯೂರಿ ಇದು ತಾರತಮ್ಯ ಅಂತ ಹೇಳಿ ಸುಮಾರು 1 ಕೋಟಿ 9 ಲಕ್ಷ ಡಾಲರ್ ಪರಿಹಾರ ಕೊಡಿಸ್ತು.

ನಿಮಗೆ ಹತ್ತಿರವಾದ ಕೇಸು ಅಂದ್ರೆ ಅರಿಜೋನಾದ್ದು. ರಿಯೋ ವರ್ಡೆ ಫುಟ್‌ಹಿಲ್ಸ್ ಅಂತ, ಸ್ಕಾಟ್ಸ್‌ಡೇಲ್ ನಗರದ ಆಚೆ. ನೂರಾರು ಮನೆಯವರು ಟ್ಯಾಂಕರಲ್ಲಿ ಆ ನಗರದ ನೀರನ್ನೇ ತರಿಸ್ಕೊಳ್ತಿದ್ರು, ಕೊಲೊರಾಡೊ ನದೀಲಿ ನೀರು ಕಮ್ಮಿ ಆಗಿದ್ದೇ ತಡ, ನಮ್ಮವರಿಗೆ ಮೊದ್ಲು ಅಂತ 2023ರ ಜನವರಿ 1ಕ್ಕೆ ನಗರ ನಿಲ್ಲಿಸೇಬಿಡ್ತು. ಆಮೇಲೆ ರಾಜ್ಯವೇ ಕಾನೂನು ತಂದು ದಾರಿ ಮಾಡ್ಬೇಕಾಯ್ತು. ಹಾಗಾಗಿ ರೇಟಿನ ಜಗಳ ಸ್ವಲ್ಪ ಬದಿಗಿಡಿ, ಬರ ಬಂದಾಗ ನಿಮಗೂ ಒಳಗಿನವರಿಗೂ ಕಡಿತ ಒಂದೇ ಸಮ ಇರತ್ತಾ, ಒಪ್ಪಂದ ಎಷ್ಟು ವರ್ಷಕ್ಕೆ, ನಿಲ್ಲಿಸೋದಾದ್ರೆ ಎಷ್ಟು ದಿನ ಮುಂಚೆ ಹೇಳ್ತಾರೆ, ಇದನ್ನ ಹಿಡ್ಕೊಳ್ಳಿ.

ಗಡಿಯಾಚೆ:
ಈಗ ಕರಡು ತೆಗೆದು ನೋಡಿದೆ. ಬರದ ಬಗ್ಗೆ ಒಂದು ಸಾಲಿದೆ, "ಕೌನ್ಸಿಲ್ ತೀರ್ಮಾನವೇ ಅಂತಿಮ" ಅಂತ. ಪೈಪ್ ಸೈಜಂತೂ ಎಲ್ಲೂ ಬರೆದೇ ಇಲ್ಲ.

ನೀರುಗಂಟಿ:
ಹಂಗಾದ್ರೆ ಪೆನ್ನು ಜೇಬಲ್ಲೇ ಇರ್ಲಿ ಸರ್. ಮೊದ್ಲು ಬೆಳಿಗ್ಗೆ ಹೊತ್ತಲ್ಲಿ ಆ ತಿರುವಲ್ಲಿ ಪ್ರೆಶರ್ ಎಷ್ಟಿದೆ ಅಂತ ಗೇಜ್ ಹಾಕಿ ಅಳೆದು ಲಿಖಿತವಾಗಿ ಕೊಡಿ ಅಂತ ಕೇಳಿ.