ಬೆಲ್ಜಿಯನ್ ಬ್ಲೂ ದನಗಳ ಉಬ್ಬಿದ ಮಾಂಸಖಂಡ: ಒಂದೇ ವಂಶವಾಹಿಯ ಕೆಲಸವೇ?

ಪ್ರಶ್ನೆ

ನಮಸ್ಕಾರ. ನಾನು ಪಶುವೈದ್ಯಕೀಯ ವಿದ್ಯಾರ್ಥಿನಿ. ಬೆಲ್ಜಿಯನ್ ಬ್ಲೂ ಹೋರಿಗಳ ತೊಡೆ ಮತ್ತು ಚಪ್ಪೆಯ ಮಾಂಸಖಂಡಗಳು ಎಷ್ಟು ಉಬ್ಬಿರುತ್ತವೆಯೆಂದರೆ, ತೆಳುವಾದ ಚರ್ಮದಡಿಯಲ್ಲಿ ಒಂದು ಖಂಡಕ್ಕೂ ಇನ್ನೊಂದಕ್ಕೂ ನಡುವಿನ ಗೆರೆ ದೂರದಿಂದಲೇ ಕಾಣುತ್ತದೆ. ಇದಕ್ಕೆ ಒಂದೇ ವಂಶವಾಹಿಯ ವ್ಯತ್ಯಾಸ ಕಾರಣವೆಂದು ಪಾಠದಲ್ಲಿ ಕೇಳಿದೆ. ಹಾಗಾದರೆ ಎತ್ತರ, ಹುಟ್ಟುತೂಕಗಳೂ ಹೀಗೆ ಒಂದೊಂದು ವಂಶವಾಹಿಯ ಹಿಡಿತದಲ್ಲಿವೆಯೇ? ಮಾಂಸಕ್ಕಾಗಿ ಸಾಕುವ ಉಳಿದ ತಳಿಗಳಿಗೂ ಈ ಗುಣವನ್ನು ಏಕೆ ತಂದಿಲ್ಲ?

ಉತ್ತರ 1

ನೀವು ಕೇಳಿದ್ದು ಸರಿ. ಆ ವಂಶವಾಹಿಯ ಹೆಸರು ಮಯೋಸ್ಟಾಟಿನ್. ದನಗಳಲ್ಲಿ ಅದು 2ನೆಯ ವರ್ಣತಂತುವಿನಲ್ಲಿದ್ದು, ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನನ್ನು ತಯಾರಿಸುತ್ತದೆ. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಅದರ ಡಿಎನ್‌ಎಯ 11 ಅಕ್ಷರಗಳು ಬಿಟ್ಟುಹೋಗಿವೆ. ಜೀವಕೋಶವು ಈ ಅಕ್ಷರಗಳನ್ನು ಮೂರು ಮೂರಾಗಿ ಓದುವುದರಿಂದ, 11 ಹೋದೊಡನೆ ಮುಂದಿನ ಓದೆಲ್ಲ ತಪ್ಪಿ, ಪ್ರೋಟೀನಿನ ಕೆಲಸ ಮಾಡುವ ಭಾಗವೇ ಇಲ್ಲವಾಗುತ್ತದೆ. ಇಟಲಿಯ ಪೀಡ್‌ಮಾಂಟೀಸ್ ತಳಿಯಲ್ಲಿ ಅದೇ ವಂಶವಾಹಿ ಬೇರೊಂದು ಬಗೆಯಲ್ಲಿ ಕೆಟ್ಟಿದೆ: ಡಿಎನ್‌ಎಯ ಒಂದೇ ಅಕ್ಷರ ಬದಲಾಗಿ, ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಟೈರೋಸಿನ್ ಬಂದಿದೆ. ಬೆಲ್ಜಿಯಂ, ಅಮೆರಿಕ ಮತ್ತು ನ್ಯೂಜಿಲೆಂಡ್‌ನ ಸಂಶೋಧಕರು 1997ರಲ್ಲಿ ದನಗಳ ಈ ದೋಷವನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು.

ಇಲ್ಲಿ ಸ್ನಾಯುವಿನ ಎಳೆಗಳು ದಪ್ಪವಾಗುವುದಕ್ಕಿಂತ ಅವುಗಳ ಸಂಖ್ಯೆ ಹೆಚ್ಚುವುದೇ ಮುಖ್ಯ, ಮತ್ತು ಅದು ಕರು ಗರ್ಭದಲ್ಲಿರುವಾಗಲೇ ಆಗಿಹೋಗುತ್ತದೆ. ಆದ್ದರಿಂದ ದಪ್ಪ ಚಪ್ಪೆಯ ಕರು ತಾಯಿಯ ಕಿರಿದಾದ ಹೆರಿಗೆದಾರಿಯಲ್ಲಿ ಹೊರಬರಲಾರದು. ಶುದ್ಧ ತಳಿಯಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕರುಗಳನ್ನು ಹಸುವಿನ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ. ಕೆಲವು ಕರುಗಳ ನಾಲಿಗೆ ಎಷ್ಟು ದಪ್ಪವಿರುತ್ತದೆಯೆಂದರೆ ಕೆಚ್ಚಲಿಗೆ ಬಾಯಿ ಹಾಕಿದರೂ ಹಾಲು ಚೀಪಲಾಗುವುದಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಉತ್ತರ.

ಉತ್ತರ 2

ಎತ್ತರದ ಕಥೆ ಸಂಪೂರ್ಣ ಬೇರೆ. 2018ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನವು 58 ಸಾವಿರಕ್ಕೂ ಹೆಚ್ಚು ದನಗಳ ಮಾಹಿತಿಯಿಂದ ಡಿಎನ್‌ಎಯಲ್ಲಿ ಎತ್ತರಕ್ಕೆ ಸಂಬಂಧಿಸಿದ 163 ತಾಣಗಳನ್ನು ಗುರುತಿಸಿತು. ಅವುಗಳ ಮುಖ್ಯ ವ್ಯತ್ಯಾಸಗಳನ್ನೆಲ್ಲ ಕೂಡಿಸಿದರೂ ಎತ್ತರದಲ್ಲಿನ ಅಂತರದ ಹೆಚ್ಚೆಂದರೆ ಶೇ. 13.8 ಭಾಗವನ್ನಷ್ಟೇ ವಿವರಿಸಲು ಸಾಧ್ಯವಾಯಿತು. 14ನೆಯ ವರ್ಣತಂತುವಿನಲ್ಲಿರುವ ಪ್ಲ್ಯಾಗ್1 ಎಂಬ ವಂಶವಾಹಿಯ ಪ್ರಭಾವ ಮಾತ್ರ ಎದ್ದುಕಾಣುವಂಥದು. ಅದು ಎತ್ತರದ ಜೊತೆಗೆ ಹುಟ್ಟುತೂಕವನ್ನೂ ಹೆಚ್ಚಿಸುವುದರಿಂದ, ಎತ್ತರವನ್ನೇ ನೋಡಿ ಹೋರಿಯನ್ನು ಆರಿಸಿದರೆ ಕಷ್ಟದ ಹೆರಿಗೆ ಇಲ್ಲಿಯೂ ಎದುರಾಗಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಯೋಸ್ಟಾಟಿನ್ ಪೂರ್ತಿ ಕೆಡದೆ ಸ್ವಲ್ಪವೇ ಬದಲಾದ ಉದಾಹರಣೆ ಇದೆಯೇ?

ಉತ್ತರ 3

ಇದೆ. ಫ್ರಾನ್ಸಿನ ಲಿಮೋಸಿನ್ ತಳಿಯಲ್ಲಿ ಈ ಪ್ರೋಟೀನಿನ 94ನೆಯ ಸ್ಥಾನದಲ್ಲಿ ಫಿನೈಲ್‌ಅಲನೀನ್ ಬದಲು ಲ್ಯೂಸಿನ್ ಇರುವುದು ಸಾಮಾನ್ಯ. ಅಲ್ಲಿ ಕಡಿವಾಣ ಸಡಿಲಗೊಂಡಿದೆಯೇ ಹೊರತು ಕಳಚಿಲ್ಲ. ಮಾಂಸ ಹೆಚ್ಚುತ್ತದೆ, ಕೊಬ್ಬು ಇಳಿಯುತ್ತದೆ, ಹೆರಿಗೆ ಮಾತ್ರ ಅಷ್ಟು ಕಷ್ಟವಾಗುವುದಿಲ್ಲ. ತಳಿ ಸುಧಾರಣೆಯ ದೃಷ್ಟಿಯಿಂದ ನನಗೆ ಇದೇ ಹೆಚ್ಚು ಮೌಲ್ಯದ ವ್ಯತ್ಯಾಸವೆಂದು ತೋರುತ್ತದೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಓದಿಕೊಳ್ಳಿ. ಬೆಲ್ಜಿಯನ್ ಬ್ಲೂ ತಳಿಯಲ್ಲಿಯೇ ಎಂಆರ್‌ಸಿ2 ಎಂಬ ಮತ್ತೊಂದು ವಂಶವಾಹಿಯ ದೋಷವಿದೆ. ಅದರ ಒಂದೇ ಪ್ರತಿ ಬಂದ ಪ್ರಾಣಿ ತುಸು ಗಿಡ್ಡವಾಗಿ, ಇನ್ನಷ್ಟು ಮೈಕಟ್ಟಿನಿಂದ ಬೆಳೆಯುತ್ತದೆ; ಎರಡೂ ಪ್ರತಿ ಬಂದ ಕರುವಿನ ಬಾಲ ಸೊಟ್ಟಗಾಗಿ, ಬೆಳವಣಿಗೆಯೇ ಕುಂಠಿತವಾಗುತ್ತದೆ. ಒಳ್ಳೆಯ ಮೈಕಟ್ಟಿನ ಹೋರಿಯೆಂದು ರೈತರು ಆರಿಸಿದಾಗಲೆಲ್ಲ ತಿಳಿಯದೆಯೇ ಈ ದೋಷವನ್ನೂ ಆರಿಸುತ್ತಿದ್ದರು. ಕಾರಣ ಪತ್ತೆಯಾದ 2009ರ ಹೊತ್ತಿಗೆ ತಳಿಯ ಸುಮಾರು ಕಾಲುಭಾಗ ದನಗಳಲ್ಲಿ ಅದು ಹರಡಿತ್ತು. ಈಗ ಡಿಎನ್‌ಎ ಪರೀಕ್ಷೆ ಇರುವುದರಿಂದ, ದೋಷವಿರುವ ಹಸುವಿಗೆ ದೋಷವಿರುವ ಹೋರಿಯ ವೀರ್ಯ ಕೊಡಿಸುವುದನ್ನು ತಪ್ಪಿಸಬಹುದು.